ಇಬ್ಬರ ಅಳತೆಯ ಚೌತಿ

ಗ್ರಾಂಟ್ ರೋಡ್ ಸ್ಟೇಶನ್ನಿನ ಪಶ್ಚಿಮಕ್ಕಿರುವ ಭಾಜಿ ಗಲ್ಲಿಯಲ್ಲಿ ಮಳೆಗಾಲ ಬಂತೆಂದರೆ ಕೆಸುವಿನ ಎಲೆಯ ಕಟ್ಟುಗಳು ಕಾಣಿಸುತ್ತವೆ. ಅಲ್ಲಿ ಅದರ ಹೆಸರು ಅಳು. ಮರಾಠಿಗರು ಆ ಎಲೆಗೆ ಕಡಲೆಹಿಟ್ಟು ಬಳಿದು ಅಳೂವಡಿ ಮಾಡುತ್ತಾರೆ, ಗುಜರಾತಿಗಳು ಪಾತ್ರಾ ಮಾಡುತ್ತಾರೆ. ಕರಾವಳಿ ಕನ್ನಡಿಗರ ಮನೆಗೆ ಹೋದ ಕಟ್ಟು ಮಾತ್ರ ಪತ್ರೊಡೆಯಾಗುತ್ತದೆ. ಮುಂಬಯಿಯಲ್ಲಿ ಊರಿನ ಹಬ್ಬದಡುಗೆಗೆ ಬೇಕಾದ ಎಷ್ಟೋ ಸಾಮಾನಿಗೆ ಮಾಟುಂಗಕ್ಕೆ ಓಡಬೇಕು. ಪತ್ರೊಡೆಯ ಎಲೆಗೆ ಆ ಕಷ್ಟವಿಲ್ಲ. ಇನ್ನೂ ಎರಡು ಭಾಷೆಯವರು ಅದನ್ನೇ ತಿನ್ನುತ್ತಾರಲ್ಲ!

ಕಷ್ಟವಿದ್ದದ್ದು ಅಳತೆಯಲ್ಲಿ. ಪತ್ರೊಡೆ ತುಂಬಿದ ಮನೆಯ ತಿಂಡಿ. ಅಕ್ಕಿ ನೆನೆಸಿ, ಕೊತ್ತಂಬರಿ, ಒಣಮೆಣಸು, ಹುಣಸೆ, ಬೆಲ್ಲ, ಕಾಯಿತುರಿಯ ಜತೆ ಅರೆಯಬೇಕು. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎಲೆಯ ನಾರು ತೆಗೆದು, ಒಂದರ ಮೇಲೊಂದು ಹಾಸಿ, ಹಿಟ್ಟು ಬಳಿದು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಅತ್ತೆ, ನಾದಿನಿ, ಓರಗಿತ್ತಿ ಎಲ್ಲರೂ ಕೈ ಹಾಕುವ ಈ ಕೆಲಸದ ಲೆಕ್ಕ ಸೇರಿನಲ್ಲಿತ್ತು. ಇಬ್ಬರಿಗೆ ಎಷ್ಟು ಅಕ್ಕಿ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಸಂದರ್ಭವೇ ಇರಲಿಲ್ಲ.

ಆ ಪ್ರಶ್ನೆ ಮುಂಬಯಿಯಲ್ಲೂ ತಡವಾಗಿಯೇ ಹುಟ್ಟಿತು. 1921ರ ಜನಗಣತಿಯಲ್ಲಿ ಈ ನಗರದಲ್ಲಿ ಪ್ರತಿ 1,000 ಗಂಡಸರಿಗೆ ಇದ್ದ ಹೆಂಗಸರು ಸುಮಾರು 525. ಮಿಲ್ಲಿಗೆ, ಬಂದರಿಗೆ, ಹೋಟೆಲಿಗೆ ಬಂದವರು ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು, ಇಲ್ಲವೇ ಮದುವೆಯ ವಯಸ್ಸೇ ಆಗದ ಹುಡುಗರು. ದಕ್ಷಿಣ ಕನ್ನಡದಿಂದ ಹಡಗಿನಲ್ಲಿ ಬಂದು ಹೋಟೆಲು ಸೇರಿದವನಿಗೆ ಹಗಲು ಗಿರಾಕಿ ಕೂತ ಮೇಜೇ ರಾತ್ರಿ ಮಲಗುವ ಜಾಗ. ಹಬ್ಬದ ದಿನ ಅವನು ಬಡಿಸುವವನು. ಬಾಗಿಲು ಎಳೆದ ಮೇಲೆ ಉಳಿದ ಪಾಯಸದಲ್ಲಿ ಅವನ ಪಾಲೂ ಇರುತ್ತಿತ್ತು, ಆದರೆ ಅದು ಧಣಿ ಹಾಕಿದ ಊಟ. 1948ರ ಬಾಂಬೆ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲಿನವನಿಗೂ ವಾರಕ್ಕೊಂದು ರಜೆಯನ್ನು ಹಕ್ಕಾಗಿ ಬರೆದಿತ್ತು. ಕಾಯ್ದೆ ಬರೆದದ್ದೆಲ್ಲ ಅಡುಗೆಮನೆಯ ಒಳಗೆ ತಲುಪಿತೇ ಎಂಬುದು ಬೇರೆ ಮಾತು.

ಹಾಗಾಗಿ ಇಬ್ಬರೇ ಕೂತು ಮನೆಯಲ್ಲಿ ಹಬ್ಬದೂಟ ಮಾಡುವುದನ್ನು ಈಗಿನ ಕಣ್ಣಿಗೆ ಕಾಣುವಂತೆ ಒಂಟಿತನವೆಂದು ತಿಳಿಯಬಾರದು. ಆ ಕಾಲದ ಮುಂಬಯಿ ಕನ್ನಡಿಗನಿಗೆ ಅದೊಂದು ಏರಿಕೆ. ಒಂದು ಖೋಲಿ ಸಿಕ್ಕಿದೆ, ಊರಿಂದ ಹೆಂಡತಿ ಬಂದಿದ್ದಾಳೆ, ಒಲೆ ತನ್ನದು ಎಂಬುದೆಲ್ಲ ಆ ಎರಡು ತಟ್ಟೆಗಳಲ್ಲಿತ್ತು.

ಎರಡು ತಟ್ಟೆಯ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆದದ್ದು ಸರಕಾರ. ಯುದ್ಧದ ನಡುವೆ, 1943ರ ಮೇ 2ರಂದು, ಮುಂಬಯಿಯಲ್ಲಿ ಪಡಿತರ ಶುರುವಾಯಿತು. ಅಕ್ಕಿ, ಗೋಧಿ, ಸಕ್ಕರೆ ತಲೆಗಿಷ್ಟೆಂದು ಅಳೆದು ಬರತೊಡಗಿದವು. ಕಾರ್ಡಿನಲ್ಲಿ ಇಬ್ಬರಿದ್ದರೆ ಇಬ್ಬರದ್ದೇ. ಹಬ್ಬಕ್ಕೆಂದು ಕೈಬಿಟ್ಟು ಸುರಿಯುವ ಹಾಗಿಲ್ಲ, ಪಾಯಸದ ಸಕ್ಕರೆಯನ್ನು ವಾರಗಟ್ಟಲೆ ಮುಂಚೆ ಚಹದಿಂದ ಕದಿಯಬೇಕು. ಮುಂದೆ ಸೇರು ಹೋಗಿ ಕಿಲೋ ಬಂದರೂ ಭಾಜಿ ಗಲ್ಲಿಯಲ್ಲಿ ಸೇರಿನ ಕಾಲು ಭಾಗದ ಹೆಸರು ಉಳಿದುಕೊಂಡಿತು. 'ಪಾವ್ ಕಿಲೋ' ಎಂದರೆ 250 ಗ್ರಾಂ. ಇಬ್ಬರ ಸಂಸಾರ ನಡೆಯುವುದು ಆ ಪಾವಿನಲ್ಲೇ.

ಒಲೆಯ ಕತೆ ಇನ್ನೂ ಸ್ವಾರಸ್ಯದ್ದು. ಊರಿನ ಸೌದೆ ಒಲೆಯ ಮೇಲೆ ಹಂಡೆ ಕೂರುತ್ತದೆ. ಚಾಳಿನ ಖೋಲಿಯಲ್ಲಿ ಮೋರಿಯ ಪಕ್ಕ ಕೂರುವುದು ಒಂದು ಸ್ಟೋವ್. 1892ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪ್ರೈಮಸ್, ಅದರ ತಮ್ಮಂದಿರಂಥ ಬತ್ತಿ ಸ್ಟೋವುಗಳು, ಜತೆಗೆ ಸೀಮೆಎಣ್ಣೆಯ ಸಾಲು. ಒಂದೇ ಉರಿ ಇರುವುದರಿಂದ ಅನ್ನ, ಸಾರು, ಪಲ್ಯ, ಪಾಯಸ ಒಂದಾದ ಮೇಲೊಂದು ಆಗಬೇಕು, ಕೊನೆಯದು ಇಳಿಯುವ ಹೊತ್ತಿಗೆ ಮೊದಲಿನದು ಆರಿರುತ್ತದೆ. 1955ರ ಸುಮಾರಿಗೆ ಬರ್ಮಾ ಶೆಲ್ಲಿನವರ ಬರ್ಶೇನ್ ಸಿಲಿಂಡರ್ ಬಂತು, 1959ರಲ್ಲಿ ಮುಂಬಯಿಯ ಹಾಕಿನ್ಸ್ ಕುಕ್ಕರ್ ಬಂತು. ಅರುವತ್ತರ ದಶಕದಲ್ಲಿ ಇದೇ ನಗರದಲ್ಲಿ ಹುಟ್ಟಿದ ಸುಮೀತ್ ಮಿಕ್ಸರ್ ಪತ್ರೊಡೆಗೆ ಇವೆರಡಕ್ಕಿಂತ ದೊಡ್ಡ ಉಪಕಾರ ಮಾಡಿತು. ಅರೆಯುವ ಕಲ್ಲಿಗೆ ಒಂದು ಹಿಡಿ ಅಕ್ಕಿ ಹಾಕಿದರೆ ಕಲ್ಲೇ ತಿನ್ನುತ್ತದೆ, ಮೇಲಾಗಿ ಮರದ ತೊಲೆಯ ಚಾಳಿನಲ್ಲಿ ಗುಂಡುಕಲ್ಲಿನ ಸದ್ದಿಗೆ ಕೆಳಗಿನ ಮನೆಯವರು ಎದ್ದು ಬರುತ್ತಾರೆ. ಒಂದು ಲೋಟ ಅಕ್ಕಿ ನುಣ್ಣಗಾಗುವುದು ಮಿಕ್ಸರಿನಲ್ಲೇ. ಬಂಗಾರದಷ್ಟು ಮುತುವರ್ಜಿಯಿಂದ ಅದನ್ನು ಕಾಪಾಡಿದ ಮನೆಗಳಿದ್ದರೆ ಆಶ್ಚರ್ಯವಿಲ್ಲ.

ಗಂಡ ಹೋಟೆಲಿನಲ್ಲಿ ಪಳಗಿದವನಾದರೆ ಅಳತೆಯ ತೊಂದರೆ ಇಮ್ಮಡಿ. ಅವನ ಕೈಗೆ ಗೊತ್ತಿರುವುದು ಇನ್ನೂರು ಜನರ ಸಾಂಬಾರು, ಅವಳ ಕೈಗೆ ಗೊತ್ತಿರುವುದು ಇಪ್ಪತ್ತು ಜನರ ತೊವ್ವೆ. ಇಬ್ಬರಿಗೆ ಉಪ್ಪು ಹಾಕಲು ಇಬ್ಬರೂ ಹೊಸದಾಗಿ ಕಲಿಯಬೇಕು.

ಹೊರಗಿನ ಹಬ್ಬವಂತೂ ಎದುರು ದಿಕ್ಕಿನಲ್ಲಿ ಬೆಳೆಯುತ್ತಿತ್ತು. ಗ್ರಾಂಟ್ ರೋಡಿಗೆ ಹತ್ತಿರದ ಗಿರಗಾಂವಿನ ಕೇಶವಜಿ ನಾಯಕ್ ಚಾಳಿನಲ್ಲಿ 1893ರಿಂದ ಸಾರ್ವಜನಿಕ ಗಣಪತಿ ಕೂರುತ್ತಿದ್ದಾನೆ. ವಿಸರ್ಜನೆಯ ದಿನ ಚೌಪಾಟಿಯ ಕಡೆಗೆ ಲಕ್ಷಗಟ್ಟಲೆ ಜನ ಹೊರಡುತ್ತಾರೆ. ಅಂಥ ಗದ್ದಲದ ನಡುವೆ ಖೋಲಿಯೊಳಗೆ ಇಬ್ಬರ ಊಟ. ಚಾಳಿನ ಮಟ್ಟಿಗೆ ಅದೂ ಪೂರ್ತಿ ಇಬ್ಬರದ್ದಲ್ಲ. ಸಾಮಾನ್ಯ ಜಗಲಿಯ ಉದ್ದಕ್ಕೂ ತಟ್ಟೆಗಳು ಓಡಾಡುತ್ತವೆ, ಪತ್ರೊಡೆ ಹೋದ ತಟ್ಟೆಯಲ್ಲಿ ಮೋದಕ ಬರುತ್ತದೆ, ಖಾಲಿ ತಟ್ಟೆ ವಾಪಸು ಕೊಡುವ ಪದ್ಧತಿಯಿಲ್ಲ. ಬಾಗಿಲು ಮುಚ್ಚಿ ಉಣ್ಣುವುದನ್ನು ಕಲಿಸಿದ್ದು ಉಪನಗರದ ಫ್ಲ್ಯಾಟುಗಳು.

ಗ್ರಾಂಟ್ ರೋಡಿನ ಹಳೆಯ ಕಟ್ಟಡಗಳಲ್ಲಿ ಈಗ ಇಬ್ಬರ ಊಟ ಎರಡನೇ ಸಲ ಬಂದಿದೆ. ಮಕ್ಕಳು ಬೋರಿವಲಿಗೋ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಉಳಿದಿರುವ ಮುದುಕ ಮುದುಕಿಯರದು. ಎಲೆಯ ಕಟ್ಟು ಈಗಲೂ ಇಬ್ಬರಿಗೆ ಹೆಚ್ಚೇ. ಆದರೆ ಪತ್ರೊಡೆಗೆ ಒಂದು ಒಳ್ಳೆಯ ಗುಣವಿದೆ, ಅದು ಮಾರನೆಯ ದಿನ ಇನ್ನೂ ರುಚಿ. ಉಳಿದ ಸುರುಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಸಾಸಿವೆ ಒಗ್ಗರಣೆ ಹಾಕಿ, ಕಾವಲಿಯ ಮೇಲೆ ಕೆಂಪಗೆ ಹುರಿದರೆ ಬೆಳಗಿನ ತಿಂಡಿಯೂ ಆಯಿತು.