ಗುಡ್ಡದ ಸೈಕಲ್ಲಿನ ಗೇರು: ಹೊಂದಾಣಿಕೆಯ ಒಂದು ಚರಿತ್ರೆ

ಪುಣೆಯ ನಮ್ಮ ಬಡಾವಣೆಯ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುವ ವೃದ್ಧರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಸಿಂಹಗಡದ ಏರಿಗೆಂದು ನಾನಿಟ್ಟುಕೊಂಡಿದ್ದ ಏಳು ಗೇರಿನ ಹಳೆಯ ಮೌಂಟನ್ ಬೈಕಿಗೆ ಹೊಸ ಒಂಬತ್ತು ಗೇರಿನ ಕ್ಯಾಸೆಟ್ ಹಾಕಿಸಲು ಹೋದೆ. ಅವರು ಹಿಂದಿನ ಚಕ್ರವನ್ನು ಬಿಚ್ಚಿ, ಹಬ್ಬಿನ ಮೇಲಿನ ಸ್ಕ್ರೂ ಸುತ್ತುಗಳನ್ನು ತೋರಿಸಿ, ನಾನು ತಂದಿದ್ದನ್ನು ಪೊಟ್ಟಣ ಸಮೇತ ಹಿಂದಿರುಗಿಸಿದರು. ನನ್ನದು ತಿರುಗಿಸಿ ಕೂರಿಸುವ ಫ್ರೀವೀಲ್ ಹಬ್. ತಂದಿದ್ದದ್ದು ಗಾಡಿಗಳಿರುವ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್. ತಪ್ಪು ಸಂಪೂರ್ಣ ನನ್ನದೇ. ಆದರೂ ಎರಡು ಕಾಲಿನ ಬಲದಿಂದ ಓಡುವ ಇಷ್ಟು ಸರಳವಾದ ಯಂತ್ರದಲ್ಲಿ ಒಂದರ ಅಂಗ ಇನ್ನೊಂದಕ್ಕೆ ಏಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದರ ಉತ್ತರ ಯಂತ್ರಶಾಸ್ತ್ರದಲ್ಲಿ ಎಷ್ಟಿದೆಯೋ ಚರಿತ್ರೆಯಲ್ಲಿಯೂ ಅಷ್ಟೇ ಇದೆ.

ಗೇರಿನ ಕಥೆ ಆರಂಭವಾಗುವುದು ಜಗಳದಿಂದ. ಫ್ರಾನ್ಸಿನ ಸೇಂಟ್ ಎಟಿಯೆನ್ ಪಟ್ಟಣದ ಪೌಲ್ ದ ವಿವೀ 'ವೆಲೋಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು; ಬೆಟ್ಟಗಳನ್ನು ಏರುವ ಸಾಮಾನ್ಯ ಸವಾರನಿಗೆ ಹಲವು ಗೇರುಗಳು ಬೇಕೇ ಬೇಕೆಂದು ಜೀವನಪೂರ್ತಿ ವಾದಿಸಿದರು. 1903ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಆರಂಭಿಸಿದ ಆನ್ರಿ ದೆಗ್ರಾಂಜ್ ಅವರಿಗೆ ಗೇರು ಸವಾರನ ಪೌರುಷವನ್ನು ಕುಗ್ಗಿಸುವ ಸಾಧನವಾಗಿ ಕಂಡಿತು. ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಪ್ರವೇಶ ದೊರೆತದ್ದು 1937ರಲ್ಲಿ. ವೆಲೋಸಿಯೊ ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದವು.

ಆ ಕಾಲದ ಡಿರೇಲರುಗಳಿಗೆ ಒಂದು ದೊಡ್ಡ ಗುಣವಿತ್ತು. ಗೇರಿನ ಸನ್ನೆ ಘರ್ಷಣೆಯಿಂದ ಮಾತ್ರ ನಿಲ್ಲುತ್ತಿತ್ತು. ಅದಕ್ಕೆ ನಿಗದಿಯಾದ ಮೆಟ್ಟಿಲುಗಳಿರಲಿಲ್ಲ. ಸರಪಳಿ ಹಲ್ಲಿನ ಮೇಲೆ ಸರಿಯಾಗಿ ಕುಳಿತಿತೋ ಇಲ್ಲವೋ ಎಂಬುದನ್ನು ಸವಾರನ ಕಿವಿ ಹೇಳುತ್ತಿತ್ತು, ಬೆರಳು ತಿದ್ದುತ್ತಿತ್ತು. ಹಿಂದೆ ಐದು ಚಕ್ರಗಳಿರಲಿ, ಆರಿರಲಿ, ಯಾವ ಕಂಪನಿಯದೇ ಇರಲಿ, ಸನ್ನೆಗೆ ಭೇದವಿರಲಿಲ್ಲ. ಹೊಂದಾಣಿಕೆಯನ್ನು ಕಾಪಾಡುತ್ತಿದ್ದುದು ಮನುಷ್ಯನ ಕೈ.

ಮೌಂಟನ್ ಬೈಕು ಹುಟ್ಟಿದ್ದೇ ಈ ಔದಾರ್ಯದ ಫಲವಾಗಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಎಪ್ಪತ್ತರ ದಶಕದ ಯುವಕರು ಹಳೆಯ ಶ್ವಿನ್ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ಫೇರ್‌ಫ್ಯಾಕ್ಸ್ ಬಳಿಯ ಒಂದು ಇಳಿಜಾರು ಎರಡು ಮೈಲಿಯ ಆಸುಪಾಸಿನಲ್ಲಿ ಸುಮಾರು 1300 ಅಡಿ ಇಳಿಯುತ್ತದೆ. ಒಂದು ಸಲ ಇಳಿದರೆ ಹಿಂಬದಿಯ ಹಬ್ಬಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆದ್ದರಿಂದಲೇ ಆ ದಾರಿಗೆ 'ರಿಪ್ಯಾಕ್' ಎಂದು ಹೆಸರಾಯಿತು. ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರಿನಲ್ಲಿ. ಇಳಿಯಲು ಗೇರು ಬೇಡ. ಆದರೆ ಸೈಕಲ್ಲನ್ನು ತಳ್ಳದೆ ಮೇಲೇರಬೇಕಾದರೆ ಬೇಕು. 1974ರಲ್ಲಿ ಕ್ಯೂಪರ್ಟಿನೊದಿಂದ ಬಂದ ಕೆಲವರ ಸೈಕಲ್ಲುಗಳಲ್ಲಿ ಡಿರೇಲರ್ ಮತ್ತು ಹೆಬ್ಬೆರಳಿನ ಸನ್ನೆಗಳಿದ್ದದ್ದು ಮರಿನ್‌ನವರ ಕಣ್ಣಿಗೆ ಬಿದ್ದಿತ್ತು. ಗ್ಯಾರಿ ಫಿಶರ್ ತಮ್ಮ ಹಳೆಯ ಶ್ವಿನ್‌ಗೂ ಗೇರು ಜೋಡಿಸಿದರು. ಜೋ ಬ್ರೀಝ್, ಟಾಮ್ ರಿಚಿ ಮುಂತಾದವರು ಹೊಸ ಚೌಕಟ್ಟುಗಳನ್ನೇ ಕಟ್ಟಿದರು. ಆ ಸೈಕಲ್ಲುಗಳಲ್ಲಿ ಪೆಡಲಿನ ತೋಳು ಫ್ರಾನ್ಸಿನ ಪ್ರವಾಸಿ ಸೈಕಲ್ಲಿನದು, ಬ್ರೇಕಿನ ಹಿಡಿಕೆ ಮೋಟಾರು ಸೈಕಲ್ಲಿನದು, ಡಿರೇಲರ್ ಜಪಾನಿನ ಸನ್‌ಟೂರ್‌ನದು. ಎಲ್ಲವೂ ಒಂದಕ್ಕೊಂದು ಕೂಡಿಕೊಂಡದ್ದರಿಂದ ಒಂದು ಹೊಸ ವಾಹನವೇ ಹುಟ್ಟಿತು.

ತಿರುವು ಬಂದದ್ದು ಜಪಾನಿನಿಂದ. 1964ರಲ್ಲಿ ಸನ್‌ಟೂರ್ ಓರೆಯಾದ ಸಮಾಂತರ ಚತುರ್ಭುಜದ ಡಿರೇಲರನ್ನು ತಂದಿತು. ಹಲ್ಲುಚಕ್ರಗಳ ಓರೆಗೆ ಅನುಗುಣವಾಗಿಯೇ ಚಲಿಸುತ್ತಿದ್ದುದರಿಂದ ಅದು ಎಲ್ಲ ಗೇರುಗಳಲ್ಲಿಯೂ ಸರಪಳಿಯನ್ನು ಹಲ್ಲಿನ ಸಮೀಪದಲ್ಲೇ ಹಿಡಿದಿರುತ್ತಿತ್ತು. ಇಪ್ಪತ್ತು ವರ್ಷಗಳ ಬಳಿಕ ಪೇಟೆಂಟಿನ ಅವಧಿ ಮುಗಿಯಿತು. ಸಕಾಯ್ ಪಟ್ಟಣದಲ್ಲಿ 1921ರಲ್ಲಿ ಆರಂಭವಾಗಿದ್ದ ಶಿಮಾನೊ ಆ ವಿನ್ಯಾಸವನ್ನು ಸ್ವೀಕರಿಸಿ, 1984ರಲ್ಲಿ ಅದರೊಂದಿಗೆ 'ಟಿಕ್' ಎಂದು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವ ಸನ್ನೆಯನ್ನು ಕೂಡಿಸಿತು. 1987ರ ಹೊತ್ತಿಗೆ ಅದು ಮೌಂಟನ್ ಬೈಕಿಗೂ ಬಂದಿತು. ಕಲ್ಲುದಾರಿಯಲ್ಲಿ ಕುಲುಕಾಡುವ ಸವಾರನಿಗೆ ಅದೊಂದು ವರವೇ ಸರಿ. ಮೂಲ ಉಪಾಯವನ್ನು ಕಂಡುಕೊಂಡಿದ್ದ ಸನ್‌ಟೂರ್ ಮಾತ್ರ ಈ ಪೈಪೋಟಿಯಲ್ಲಿ ಹಿಂದೆ ಬಿದ್ದು, ಮುಂದಿನ ದಶಕದಲ್ಲಿ ಡಿರೇಲರಿನ ಪೇಟೆಯಿಂದಲೇ ಮರೆಯಾಯಿತು.

ಈ 'ಟಿಕ್' ಶಬ್ದದ ಹಿಂದೆ ಒಂದು ಗಣಿತವಿದೆ. ಸನ್ನೆಯನ್ನು ಒಮ್ಮೆ ಒತ್ತಿದಾಗ ಎಷ್ಟು ತಂತಿ ಎಳೆಯಲ್ಪಡುತ್ತದೆಯೋ ಅದನ್ನು ಡಿರೇಲರಿನ ಅನುಪಾತದಿಂದ ಗುಣಿಸಿದರೆ ಬರುವ ಮೊತ್ತವು ಎರಡು ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಸಮನಾಗಬೇಕು. ಶಿಮಾನೊದ ಎಂಟು ಗೇರಿನ ವ್ಯವಸ್ಥೆಯಲ್ಲಿ ತಂತಿಯ ಎಳೆತ ಸುಮಾರು 2.8 ಮಿಲಿಮೀಟರ್, ಅನುಪಾತ 1.7, ಅಂತರ 4.8 ಮಿಲಿಮೀಟರ್. ಒಂಬತ್ತು ಗೇರಿಗೆ ಎಳೆತ ಸುಮಾರು 2.5ಕ್ಕೆ ಇಳಿಯಿತು, ಅನುಪಾತ ಮಾತ್ರ ಹಾಗೆಯೇ ಉಳಿಯಿತು. ಆದ್ದರಿಂದ ಎಂಟರ ಡಿರೇಲರ್ ಒಂಬತ್ತಕ್ಕೂ ನಡೆಯುತ್ತಿತ್ತು. 2010ರಲ್ಲಿ ಮೌಂಟನ್ ಬೈಕಿನ ಹತ್ತು ಗೇರಿನ ವ್ಯವಸ್ಥೆ ಬಂದಾಗ ಅನುಪಾತವೇ ಸುಮಾರು 1.2 ಆಯಿತು. ಹೆಚ್ಚು ತಂತಿ ಎಳೆದು ಕಡಿಮೆ ಚಲಿಸುವ ಈ ಕ್ರಮದಲ್ಲಿ ಕೆಸರು, ತುಕ್ಕುಗಳಿಂದಾಗುವ ತಪ್ಪು ಕಡಿಮೆ. ಆದರೆ ಅದೇ ಡಿರೇಲರಿಗೆ ಒಂಬತ್ತರ ಸನ್ನೆ ಜೋಡಿಸಿದರೆ ಅದು ಮೂರು ಮಿಲಿಮೀಟರ್ ಮಾತ್ರ ಸರಿದು ಎರಡು ಚಕ್ರಗಳ ನಡುವೆ ತ್ರಿಶಂಕುವಾಗುತ್ತದೆ. ಹಲ್ಲುಗಳು ಹೆಚ್ಚಿದಂತೆ ಸರಪಳಿಯ ಹೊರ ಅಗಲವೂ ಎಂಟರ ಕಾಲದ ಸುಮಾರು 7.1 ಮಿಲಿಮೀಟರಿನಿಂದ ಹನ್ನೆರಡರ ಕಾಲಕ್ಕೆ 5.3ರ ಆಸುಪಾಸಿಗೆ ಇಳಿದಿದೆ.

ಹೊಂದಾಣಿಕೆಯೆಂಬುದು ವ್ಯಾಪಾರದ ಬಾಗಿಲೂ ಹೌದು. ಷಿಕಾಗೋದಲ್ಲಿ 1987ರಲ್ಲಿ ಹುಟ್ಟಿದ ಸ್ರ್ಯಾಮ್ ಎಂಬ ಪುಟ್ಟ ಕಂಪನಿ, ಹಿಡಿಕೆಯನ್ನು ತಿರುಗಿಸಿ ಗೇರು ಬದಲಿಸುವ ಸಾಧನವನ್ನು ಮಾರಿತು. ಅದು ಶಿಮಾನೊ ಡಿರೇಲರಿನೊಡನೆ ಕೆಲಸ ಮಾಡಿದ್ದರಿಂದಲೇ ಉಳಿಯಿತು. ಇಡೀ ಸೆಟ್ಟನ್ನು ಕೊಳ್ಳುವ ತಯಾರಕರಿಗೆ ಮಾತ್ರ ರಿಯಾಯಿತಿ ಕೊಡುತ್ತಿದ್ದಾರೆಂದು ಸ್ರ್ಯಾಮ್ 1990ರಲ್ಲಿ ಶಿಮಾನೊದ ಮೇಲೆ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು. ಬೆಳೆದು ನಿಂತ ಮೇಲೆ ಸ್ರ್ಯಾಮ್ ತನ್ನದೇ ಅನುಪಾತವನ್ನು ರೂಢಿಸಿತು. ಬಾಗಿಲು ತಟ್ಟಿ ಒಳಬಂದವರು ತಮ್ಮ ಮನೆಗೂ ಬಾಗಿಲು ಹಾಕಿಕೊಂಡರು.

2012ರಲ್ಲಿ ಸ್ರ್ಯಾಮ್ ಮುಂದಿನ ಎರಡು ಮೂರು ಚಕ್ರಗಳನ್ನು ತೆಗೆದುಹಾಕಿ ಒಂದನ್ನೇ ಉಳಿಸಿ, ಹಿಂದೆ 10ರಿಂದ 42 ಹಲ್ಲುಗಳವರೆಗಿನ ಹನ್ನೊಂದು ಚಕ್ರಗಳನ್ನಿಟ್ಟಿತು. ಹಳೆಯ ಹಬ್ಬಿನ ಮೇಲೆ ಹನ್ನೊಂದಕ್ಕಿಂತ ಕಡಿಮೆ ಹಲ್ಲಿನ ಚಕ್ರ ಕೂರದು. ಅದಕ್ಕಾಗಿ ಹಬ್ಬಿನ ದೇಹವನ್ನೇ ಬದಲಿಸಬೇಕಾಯಿತು. 2018ರಲ್ಲಿ ಶಿಮಾನೊ ಕೂಡ ಹನ್ನೆರಡು ಗೇರಿಗಾಗಿ ಬೇರೆ ರಚನೆಯ ಹಬ್ಬನ್ನು ತಂದಿತು. ಒಂದು ಕ್ಯಾಸೆಟ್ ಬದಲಿಸಲು ಹೊರಟವನು ಹಬ್, ಸರಪಳಿ, ಸನ್ನೆ, ಡಿರೇಲರುಗಳೆಲ್ಲವನ್ನೂ ಕೊಳ್ಳುವ ಪರಿಸ್ಥಿತಿ ಹೀಗೆ ಬಂದಿತು.

ಇದೆಲ್ಲ ಕೇವಲ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸರಪಳಿ ಜಾರದ ಹಲ್ಲು, ಒಂದೇ ಸನ್ನೆ, ಕಡಿದಾದ ಏರಿಗೂ ಒದಗುವ ಗೇರು, ಇವು ನಿಜವಾದ ಲಾಭಗಳು. ವೆಲೋಸಿಯೊ ಇದ್ದಿದ್ದರೆ ಹಿಗ್ಗುತ್ತಿದ್ದರು. ಆದರೆ ಕೈಯ ಜಾಣ್ಮೆಯಲ್ಲಿದ್ದ ಹೊಂದಾಣಿಕೆ ಕಾರ್ಖಾನೆಯ ಅಳತೆಗೆ ವರ್ಗವಾದಾಗ, ಚೆನ್ನಾಗಿಯೇ ಇರುವ ಹಳೆಯ ಸೈಕಲ್ಲು ಒಂದು ಬಿಡಿಭಾಗ ಸಿಗದೆ ಅನಾಥವಾಗುತ್ತದೆ. ನಮ್ಮೂರುಗಳ ಒಂಟಿ ಗೇರಿನ ಸೈಕಲ್ಲನ್ನು ಯಾವ ಹಳ್ಳಿಯಲ್ಲಾದರೂ ರಿಪೇರಿ ಮಾಡಿಸಬಹುದಾಗಿದ್ದ ನೆಮ್ಮದಿಯನ್ನು ಕಂಡವರಿಗೆ ಈ ನಷ್ಟದ ತೂಕ ತಿಳಿಯುತ್ತದೆ.

ಇಷ್ಟಾದರೂ ಒಂದು ಅಳತೆ ಬಹುಪಾಲು ಬದಲಾಗದೆ ಉಳಿದಿದೆ: ಸರಪಳಿಯ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಹಳೆಯ ಘರ್ಷಣೆಯ ಸನ್ನೆಯೂ ಇನ್ನೂ ದೊರೆಯುತ್ತದೆ. ಗೇರು ಹೆಚ್ಚಿಸಬಯಸುವವರು ಮೊದಲು ಹಬ್ಬಿನ ಬಗೆಯನ್ನು, ಆಮೇಲೆ ಸನ್ನೆ ಮತ್ತು ಡಿರೇಲರಿನ ಅನುಪಾತವನ್ನು, ಕೊನೆಗೆ ಸರಪಳಿಯ ಅಗಲವನ್ನು ನೋಡಿ ಹಣ ಬಿಚ್ಚುವುದು ಲೇಸು.

ಕಾಕಾ ನನ್ನ ಬೈಕಿಗೆ ದೊಡ್ಡ ಹಲ್ಲಿನ ಏಳರ ಫ್ರೀವೀಲನ್ನೇ ಹುಡುಕಿ ತಿರುಗಿಸಿ ಕೂರಿಸಿದರು, ಹೊಸ ಸರಪಳಿ ಹಾಕಿದರು. ಡಿರೇಲರ್, ಸನ್ನೆ ಎರಡೂ ಹಳೆಯವೇ. ಮರು ಭಾನುವಾರ ಸಿಂಹಗಡದ ಏರನ್ನು ಎಲ್ಲಿಯೂ ಇಳಿದು ತಳ್ಳದೆ ಹತ್ತಿದೆ.