ಕಮಾಂಡ್ ಲೈನ್‌ನಲ್ಲಿ ಫೋಲ್ಡರ್ ನಕಲು

ಫೋಲ್ಡರೊಂದನ್ನು ಒಳಗಿನ ಕಡತ, ಉಪಫೋಲ್ಡರುಗಳ ಸಮೇತ ಆದೇಶ ಟೈಪಿಸಿ ಬೇರೆಡೆಗೆ ನಕಲಿಸುವ ಕ್ರಮ. ಯುನಿಕ್ಸ್‌ನ ನಕಲು ಆದೇಶ ‘ಸಿಪಿ’ಗೆ ಈ ಶಕ್ತಿ ಹುಟ್ಟಿನಿಂದಲೇ ಇತ್ತೆಂದು ಹಲವರು ಭಾವಿಸುವುದುಂಟು, ಆದರೆ ಹಳೆಯ ಕೈಪಿಡಿಗಳು ಇದನ್ನು ಒಪ್ಪುವುದಿಲ್ಲ. ಬೆಲ್ ಲ್ಯಾಬ್ಸ್‌ನ 1971ರ ಕೈಪಿಡಿಯಲ್ಲಿರುವ ಸಿಪಿ ನಕಲಿಸುತ್ತಿದ್ದುದು ಕಡತಗಳನ್ನಷ್ಟೇ. 1979ರ ಏಳನೆಯ ಆವೃತ್ತಿಯಲ್ಲೂ ಅಷ್ಟೇ. ಇಡೀ ಫೋಲ್ಡರ್ ಸಾಗಿಸಬೇಕಾದವರಿಗೆ ನೆರವಾದದ್ದು ಅದೇ ಆವೃತ್ತಿಯ ‘ಟಾರ್’. ಟೇಪಿಗಾಗಿ ಹುಟ್ಟಿದ ಈ ಆದೇಶವನ್ನು ಅವರು ಜೋಡಿಯಾಗಿ ಓಡಿಸಿದರು: ಒಂದು ಟಾರ್ ಫೋಲ್ಡರನ್ನು ಕಟ್ಟಿ ಪೈಪಿಗೆ ಬಿಡುತ್ತಿತ್ತು, ಆಚೆ ತುದಿಯಲ್ಲಿ ಇನ್ನೊಂದು ಅದನ್ನು ಹೊಸ ಜಾಗದಲ್ಲಿ ಬಿಚ್ಚುತ್ತಿತ್ತು. ನಡುವೆ ಟೇಪೂ ಇಲ್ಲ, ತಾತ್ಕಾಲಿಕ ಕಡತವೂ ಇಲ್ಲ.

1983ರ 4.2 ಬಿಎಸ್‌ಡಿ ಹೊತ್ತಿಗೆ ಸಿಪಿಗೆ ಫೋಲ್ಡರನ್ನು ಇಡಿಯಾಗಿ ನಕಲಿಸುವ ಚಿಕ್ಕಕ್ಷರದ ‘ಆರ್’ ಆಯ್ಕೆ ಸೇರಿತ್ತು. ಚಿಕ್ಕ, ದೊಡ್ಡ ‘ಆರ್’ಗಳ ಗೊಂದಲದ ಬೇರು ಇರುವುದು ಇಲ್ಲೇ. ಹಳೆಯ ‘ಆರ್’ ಎದುರಾದದ್ದನ್ನೆಲ್ಲ ಸಾಮಾನ್ಯ ಕಡತವೆಂದೇ ತೆರೆದು ಓದುತ್ತಿತ್ತು. ದಾರಿಯಲ್ಲಿ ಹೆಸರುಳ್ಳ ಪೈಪ್ ಸಿಕ್ಕರೆ, ಅದಕ್ಕೆ ಯಾರಾದರೂ ಬರೆಯುವವರೆಗೂ ನಕಲು ಅಲ್ಲೇ ನಿಂತುಬಿಡುತ್ತಿತ್ತು. 1992ರ ಪಾಸಿಕ್ಸ್ ಮಾನಕ ದೊಡ್ಡಕ್ಷರದ ‘ಆರ್’ ತಂದದ್ದು ಇಂಥ ವಿಶೇಷ ಕಡತಗಳನ್ನು ಇದ್ದ ಹಾಗೆಯೇ ಮರುಸೃಷ್ಟಿಸಲೆಂದು. ಚಿಕ್ಕ ‘ಆರ್’ 2008ರಲ್ಲಿ ಮಾನಕದಿಂದ ಹೊರಬಿತ್ತು. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಗ್ನೂ ಸಿಪಿಯಲ್ಲಿ ಈಗ ಎರಡಕ್ಕೂ ಒಂದೇ ಅರ್ಥವಿರುವುದರಿಂದ ಈ ಇತಿಹಾಸ ಬಳಕೆದಾರರ ಕಣ್ಣಿಗೆ ಬೀಳುವುದಿಲ್ಲ.

ಡಾಸ್‌ಗೆ ಫೋಲ್ಡರುಗಳು ಬಂದದ್ದು 1983ರ 2.0ರಲ್ಲಿ, ಅವನ್ನು ಒಟ್ಟಾಗಿ ನಕಲಿಸುವ ‘ಎಕ್ಸ್‌ಕಾಪಿ’ ಬಂದದ್ದು 1986ರ 3.2ರಲ್ಲಿ. ವಿಂಡೋಸ್ ವಿಸ್ತಾದಿಂದ ‘ರೋಬೋಕಾಪಿ’ ಜೊತೆಗೇ ಬರುತ್ತಿದೆ. ಅದು 1 ಎಂಬ ಸಂಕೇತ ಮರಳಿಸಿದರೆ ನಕಲು ಯಶಸ್ವಿ ಎಂದರ್ಥ. 8 ಮತ್ತು ಅದಕ್ಕೂ ಮೇಲಿನವು ಮಾತ್ರ ವೈಫಲ್ಯ. ಸೊನ್ನೆಯಲ್ಲದ್ದೆಲ್ಲ ದೋಷವೆಂದು ಎಣಿಸುವ ಸ್ಕ್ರಿಪ್ಟ್‌ಗಳು ಇದರಿಂದ ದಾರಿತಪ್ಪುತ್ತವೆ.

ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ‘ಆರ್‌ಸಿಂಕ್’ ಬದಲಾದ ಭಾಗಗಳನ್ನಷ್ಟೇ ಜಾಲದ ಮೂಲಕ ಕಳಿಸುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ದರೆ ಒಳಗಿನ ಸರಕು ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಮ್ಯಾಕ್‌ನ ಸಿಪಿ ಕೂಡ ಈ ಭೇದವನ್ನು ಪಾಲಿಸುತ್ತದೆ, ಗ್ನೂ ಸಿಪಿ ಪಾಲಿಸುವುದಿಲ್ಲ. ಒಂದೇ ಆದೇಶ ಎರಡು ಯಂತ್ರಗಳಲ್ಲಿ ಬೇರೆ ಬೇರೆ ಫಲ ಕೊಡುವುದಕ್ಕೆ ಇದೂ ಒಂದು ಕಾರಣ.

ಗ್ನೂ ಸಿಪಿಯನ್ನು ಒಳಗೊಂಡ 2021ರ ಗ್ನೂ ಕೋರ್‌ಯುಟಿಲ್ಸ್ 9.0 ನಕಲಿನ ಸ್ವರೂಪವನ್ನೇ ಬದಲಿಸಿತೆನ್ನಬಹುದು. ಬಿಟಿಆರ್‌ಎಫ್‌ಎಸ್‌ನಂಥ ಕಡತವ್ಯವಸ್ಥೆಗಳಲ್ಲಿ ಸಿಪಿ ಈಗ ಸಾಧ್ಯವಾದಾಗಲೆಲ್ಲ ದತ್ತಾಂಶವನ್ನು ಮತ್ತೆ ಬರೆಯುವುದಿಲ್ಲ. ಎರಡೂ ಪ್ರತಿಗಳು ಡಿಸ್ಕಿನ ಅವೇ ಬ್ಲಾಕುಗಳನ್ನು ಹಂಚಿಕೊಳ್ಳುತ್ತವೆ, ಒಂದನ್ನು ತಿದ್ದಿದಾಗಷ್ಟೇ ಆ ಭಾಗ ಬೇರ್ಪಡುತ್ತದೆ. ಹಂಚಿಕೊಂಡ ಬ್ಲಾಕ್ ಕೆಟ್ಟರೆ ಎರಡೂ ಪ್ರತಿಗಳು ಕೆಡುತ್ತವೆ. ನಿಜವಾದ ಎರಡನೆಯ ಪ್ರತಿ ಬೇಕಾದವರು ‘ರಿಫ್ಲಿಂಕ್’ ಆಯ್ಕೆಗೆ ‘ನೆವರ್’ ಎಂದು ಕೊಡಬೇಕು.