ಪಿಕಳಾರ: ಒಂದು ತಪ್ಪು ಹೆಸರಿನ ಚರಿತ್ರೆ

ಹೋಳೂರಿನ ಕಡೆ ಯಾರ ಹಿತ್ತಲಿಗೆ ಹೋದರೂ ಸರಿಯೆ, ಒಂದು ಸೀಬೆಯ ಗಿಡವಿದ್ದರೆ ಸಾಕು, ಅಲ್ಲಿ ಈ ಹಕ್ಕಿ ಉಂಟು. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ತುಸು ಸಣ್ಣದು. ತಲೆ ಕಪ್ಪು, ನೆತ್ತಿಯ ಮೇಲೆ ಕೆದರಿದ ಕಿರುಜುಟ್ಟು. ಮೈ ಹೊಗೆಯಾಡಿದ ಕಂದುಬಣ್ಣ. ಗರಿಗರಿಗೂ ತೆಳುಬಣ್ಣದ ಅಂಚಿರುವುದರಿಂದ ಮೀನಿನ ಪೊರೆಯನ್ನು ಹೊದ್ದಂತೆ ಕಾಣುತ್ತದೆ. ಹಾರುವಾಗ ಬಾಲದ ಬುಡದ ಮೇಲ್ಭಾಗದ ಬಿಳುಪೂ ಬಾಲದ ತುದಿಯ ಬಿಳುಪೂ ಎದ್ದು ತೋರುತ್ತವೆ. ಕುಳಿತಾಗ ಬಾಲದಡಿಯಲ್ಲಿ ಕುಂಕುಮದ ಬೊಟ್ಟಿಟ್ಟಂತೆ ಕೆಂಪು. ಇದೇ ಪಿಕಳಾರ. ಪಟ್ಟಣದವರಿಗೆ ಇದು ಬುಲ್‌ಬುಲ್. ನಮ್ಮ ಸೀಮೆಯ ತೆಲುಗು ಮನೆಗಳಲ್ಲಿ ಪಿಗಿಲಿಪಿಟ್ಟ.

ಈ ಹಕ್ಕಿಯ ಚರಿತ್ರೆಯನ್ನು ಹುಡುಕುವಂತೆ ಮಾಡಿದವನು ನನ್ನ ತರಗತಿಯ ಒಬ್ಬ ಹುಡುಗ. ಹಳಗನ್ನಡ ಪದ್ಯವೊಂದರ ಪಾಠದಲ್ಲಿ ‘ಪಿಕ’ ಎಂಬ ಶಬ್ದ ಬಂದಿತು. ಪಿಕವೆಂದರೆ ಕೋಗಿಲೆ ಎಂದು ಅರ್ಥ ಹೇಳಿ, ಪಾಂಡಿತ್ಯದ ಹುಮ್ಮಸ್ಸಿನಲ್ಲಿ, ಪಿಕಳಾರವೂ ಅದೇ ಹಕ್ಕಿಯ ಹೆಸರೆಂದು ಸೇರಿಸಿಬಿಟ್ಟೆ. ಹುಡುಗ ಎದ್ದು ನಿಂತು, “ಅಲ್ಲ ಸಾರ್, ಕೋಗಿಲೆ ಪೂರಾ ಕರ್‍ರಗಿರ್ತದೆ, ಕಣ್ಣು ಕೆಂಪು. ಪಿಕಳಾರಕ್ಕೆ ಬಾಲದ ಕೆಳಗೆ ಕೆಂಪಲ್ವಾ ಸಾರ್?” ಎಂದ. ನಾನು ಮಾತು ಮರೆಸಿ ಮುಂದಿನ ಪದ್ಯಕ್ಕೆ ಹೋದೆ. ಮೂವತ್ತು ವರ್ಷ ಹಂಸ, ಚಕೋರ, ಚಾತಕಗಳ ಪಾಠ ಹೇಳಿದವನು ಹಿತ್ತಲಿನ ಹಕ್ಕಿಯನ್ನು ಕಣ್ಣಿಟ್ಟು ನೋಡಿರಲಿಲ್ಲ. ಆ ಸಂಜೆ ನೋಡಿದೆ. ಹುಡುಗನ ಮಾತೇ ನಿಜ.

ಆಮೇಲೆ ಓದಿದಾಗ, ಇದೇ ಹಕ್ಕಿಯ ವಿಷಯದಲ್ಲಿ ನನಗಿಂತ ಬಹು ದೊಡ್ಡವರೂ ಎಡವಿರುವುದು ತಿಳಿಯಿತು. 1760ರಲ್ಲಿ ಫ್ರಾನ್ಸಿನ ಬ್ರಿಸೋಂ ಎಂಬ ವಿದ್ವಾಂಸನು ತನಗೆ ದೊರೆತ ಪಿಕಳಾರವನ್ನು ವರ್ಣಿಸಿ, ಅದು ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರದ್ದೆಂದು ಬರೆದನು. ಇಂಡಿಯಾದಿಂದ ಯೂರೋಪಿಗೆ ಹೋಗುವ ಹಡಗುಗಳು ಆಗ ಆ ಭೂಶಿರವನ್ನು ಬಳಸಿಯೇ ಹೋಗಬೇಕಾಗಿದ್ದಿತು. ಊರಿನ ಹೆಸರು ಹೇಗೆ ಅದಲುಬದಲಾದೀತೆಂಬುದನ್ನು ಓದುಗರು ಊಹಿಸಬಹುದು. 1766ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಮಾತನ್ನು ನಂಬಿ, ಹಕ್ಕಿಗೆ ‘ಕೇಫರ್’ ಎಂದು, ಎಂದರೆ ದಕ್ಷಿಣ ಆಫ್ರಿಕದ್ದೆಂದು, ಲ್ಯಾಟಿನ್ ನಾಮಕರಣ ಮಾಡಿದನು. ಆ ಭೂಶಿರದಲ್ಲಿ ನಿಜವಾಗಿ ವಾಸಿಸುವ ಬೇರೊಂದು ಪಿಕಳಾರವೂ ಉಂಟು. ಅದರ ಕಣ್ಣಿನ ಸುತ್ತ ಬಿಳಿಯ ಬಳೆ. ಬಾಲದಡಿ ಕೆಂಪಲ್ಲ, ಹಳದಿ. ಅದಕ್ಕೂ ಲಿನೇಯಸ್ ಅದೇ ವರ್ಷ ಹೆಸರಿಟ್ಟನು. ಹೀಗೆ ಒಂದೇ ನಾಡಿನ ಲೆಕ್ಕಕ್ಕೆ ಎರಡು ಹಕ್ಕಿಗಳು ಬಿದ್ದವು. ಒಂದು ಮನೆಯ ಮಗ, ಇನ್ನೊಂದು ದತ್ತುಪುತ್ರ. ಪ್ರಾಣಿಶಾಸ್ತ್ರದ ನಿಯಮದಂತೆ ಮೊದಲು ಇಟ್ಟ ಹೆಸರು, ಅರ್ಥ ತಪ್ಪಿದರೂ, ನಿಲ್ಲತಕ್ಕದ್ದು. ಆದ್ದರಿಂದ ನಮ್ಮ ಹಿತ್ತಲಿನ ಹಕ್ಕಿ ಇಂದಿಗೂ ಶಾಸ್ತ್ರಗ್ರಂಥಗಳಲ್ಲಿ ಪಿಕ್ನೊನೋಟಸ್ ಕೇಫರ್.

ಬುಲ್‌ಬುಲ್ ಎಂಬ ಹೆಸರಿನ ಕಥೆಯೂ ಹೀಗೆಯೇ. ಪಾರಸಿ ಕವಿಗಳು ಗುಲಾಬಿಯ ಜೊತೆಯಲ್ಲಿ ಹಾಡಿಸುವ ಬುಲ್‌ಬುಲ್ ನೈಟಿಂಗೇಲ್ ಹಕ್ಕಿ. ಅದಕ್ಕೂ ನಮ್ಮ ಪಿಕಳಾರಕ್ಕೂ ನಂಟಿಲ್ಲ. ಹೆಸರು ಮಾತ್ರ ಪಾರಸಿಯ ಜೊತೆ ನಮ್ಮ ದೇಶಕ್ಕೆ ಬಂದು ಇಲ್ಲಿನ ಹಕ್ಕಿಯ ತಲೆಯ ಮೇಲೆ ಕುಳಿತಿತು.

ಗರಿಯ ಬಣ್ಣವನ್ನು ನೋಡುವುದರಲ್ಲಿಯೂ ಎಚ್ಚರ ಬೇಕು. ಬಾಲದಡಿಯ ಕೆಂಪೊಂದನ್ನೇ ನೆಚ್ಚಿದರೆ ಮೋಸಹೋದೇವು. ತಂಪಾದ ತೋಟಗಳಲ್ಲಿ, ಬೆಂಗಳೂರಿನ ಹಿತ್ತಲುಗಳಲ್ಲಿ ಕಾಣುವ ಕೆಮ್ಮೀಸೆ ಪಿಕಳಾರಕ್ಕೂ ಬಾಲದಡಿ ಕೆಂಪೇ. ಆದರೆ ಅದರ ಜುಟ್ಟು ನೀಳವಾಗಿ ಚೂಪಾಗಿರುತ್ತದೆ. ಕೆನ್ನೆ ಬಿಳುಪು, ಕಣ್ಣಿನ ಹಿಂದೆ ಕೆಂಪು ಕುಚ್ಚು. ಮರಿಗೆ ಆ ಕುಚ್ಚು ಇರುವುದಿಲ್ಲ. ಲಿನೇಯಸ್ 1758ರಲ್ಲಿ ಇದನ್ನು ಕಳಿಂಗಗಳ ಜಾತಿಗೆ ಸೇರಿಸಿ, ‘ನಗೆಗಾರ’ ಎಂಬರ್ಥದ ಹೆಸರನ್ನಿಟ್ಟಿದ್ದನು. ಕುರುಚಲು ಪೊದೆಗಳಲ್ಲಿ ಅಡಗಿ ಲೊಟಲೊಟನೆ ಕೂಗುವ ಇನ್ನೊಂದಕ್ಕೆ ಜುಟ್ಟಿಲ್ಲ. ಹುಬ್ಬು ಬಿಳಿ, ಬಾಲದಡಿ ಹಳದಿ. ನಾಲ್ಕನೆಯದು ಬಂಡೆಬೆಟ್ಟಗಳದು. ಗಂಟಲು ಹಳದಿಯಾದ ಈ ಹಕ್ಕಿಯನ್ನು ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ 1845ರಲ್ಲಿ ವರ್ಣಿಸಿದನು. ದಕ್ಷಿಣ ಭಾರತದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಇದು, 2007ರವರೆಗೆ ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇದ್ದ ನಂದಿಬೆಟ್ಟದಲ್ಲಿ ಕಾಣಸಿಗುತ್ತದೆ. ಬಂಡೆ ಒಡೆದು ಪೊದೆ ಕಡಿದಂತೆಲ್ಲ ಇದರ ನೆಲೆ ಕಿರಿದಾಗುತ್ತಿದೆ.

ಹೆಸರು ಗೊತ್ತಾಗುವ ಮೊದಲೇ ಹಕ್ಕಿ ಇಲ್ಲವಾದರೆ ನಾವು ಯಾರಿಗೆ ಪಾಠ ಹೇಳುವುದು? ಸೀಬೆಯ ಗಿಡದ ಪಿಕಳಾರಕ್ಕಾದರೋ ಆ ಭಯವಿಲ್ಲ. 1903ರ ಸುಮಾರಿಗೆ ಕೂಲಿಗಾಗಿ ಕಡಲು ದಾಟಿದ ನಮ್ಮ ದೇಶದ ಜನರೊಡನೆ ಫಿಜಿ ದ್ವೀಪಕ್ಕೂ ಹೋಗಿ, ಅಲ್ಲಿನ ತೋಟಗಾರರಿಗೆ ಪೀಡೆಯಾಗುವಷ್ಟು ಬೆಳೆದ ಹಕ್ಕಿ ಅದು. ಹಣ್ಣು ತಿಂದು ಬೀಜ ಬಿತ್ತುವುದು ಅದರ ಕಸುಬು. ಲಂಟಾನದ ಬೀಜವನ್ನು ನಮ್ಮ ಗುಡ್ಡಗಳಲ್ಲಿ ಹರಡಿದವರಲ್ಲಿ ಅದೂ ಒಂದು.

ಮರುದಿನ ತರಗತಿಯಲ್ಲಿ ಹಿಂದಿನ ದಿನದ ಅರ್ಥವನ್ನು ತಿದ್ದಿಕೊಳ್ಳುವಂತೆ ಹೇಳಿ, ತಿದ್ದಿದವನು ಯಾರೆಂಬುದನ್ನೂ ಹೇಳಿದೆ. ಲಿನೇಯಸ್‌ನ ತಪ್ಪು ಗ್ರಂಥಗಳಲ್ಲಿ ಉಳಿಯಿತು. ನನ್ನದು ಮಕ್ಕಳ ನೋಟುಪುಸ್ತಕದಲ್ಲಿ ಒಂದು ರಾತ್ರಿ ಮಾತ್ರ ಉಳಿಯಿತು. ಅಷ್ಟರಮಟ್ಟಿಗೆ ನಾನು ಭಾಗ್ಯವಂತ.